ಅಂಟಿಸಿದ ರಂಗೋಲಿ

ಕೋವಿಡ್ ಕಳೆದು ಎರಡನೆಯ ವರ್ಷ. ನಾನು ಆಗ ಜಯನಗರದ ಒಂದು ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್. ಬೆಳಿಗ್ಗೆ ಕ್ಲಿನಿಕ್, ಮಧ್ಯಾಹ್ನದ ಮೇಲೆ ಸ್ಕೂಟರ್ ಹತ್ತಿ ರೋಗಿಗಳ ಮನೆಗೆ. ಹಾಗೆ ಪರಿಚಯವಾದವರು ಬನಶಂಕರಿಯ ಸರೋಜಮ್ಮ. ವಯಸ್ಸು ಎಪ್ಪತ್ತೆರಡು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದು, ಹಿಪ್ ರಿಪ್ಲೇಸ್‌ಮೆಂಟ್ ಆಗಿತ್ತು.

ಈ ಆಪರೇಷನ್ ಆದವರು ಮೊದಲ ಕೆಲವು ವಾರ ಬಗ್ಗಬಾರದು, ಹೊಸ ಕೀಲು ಜಾರೀತು. ಮೊದಲ ದಿನ ಸರೋಜಮ್ಮ ಕೇಳಿದ್ದು ಒಂದೇ, ಮತ್ತೆ ಯಾವಾಗ ರಂಗೋಲಿ ಹಾಕಬಹುದು ಎಂದು. ನಾನು ನಕ್ಕು, ಹಾಳೆಯ ಮೇಲೆ ದಪ್ಪಕ್ಷರದಲ್ಲಿ 'ಬಗ್ಗಬಾರದು' ಎಂದು ಬರೆದು ಅವರ ಮಗ ನಾಗರಾಜ್ ಕೈಗೆ ಕೊಟ್ಟೆ. ಅವರು ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದರು.

ಹನ್ನೆರಡು ವಾರದಲ್ಲಿ ಸರೋಜಮ್ಮ ಕೋಲಿಲ್ಲದೆ ಓಡಾಡತೊಡಗಿದರು. ಕಾಲಿನ ಬಲ ತಿಳಿಯಲು ಒಂದು ಟೆಸ್ಟ್ ಇದೆ: ಕೈ ಊರದೆ ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸುವುದು. ಅವರು ಹನ್ನೊಂದು ಸಲ ಎದ್ದರು. ಇನ್ನು ಬಗ್ಗಬಹುದು ಎಂದು ಬಾಯಿಮಾತಲ್ಲಿ ಹೇಳಿ, ಕಾಫಿ ಕುಡಿದು, ಬೀಗುತ್ತಾ ಹೊರಟೆ.

ಎಂಟು ತಿಂಗಳ ನಂತರ ಸೊಸೆ ಗೀತಾ ಫೋನ್ ಮಾಡಿದರು. ಅತ್ತೆಗೆ ಕುರ್ಚಿಯಿಂದ ಏಳಲಾಗುತ್ತಿಲ್ಲವಂತೆ. ಹೋದೆ. ಗೇಟಿನ ಮುಂದೆ ಪ್ಲಾಸ್ಟಿಕ್ ಸ್ಟಿಕ್ಕರ್‌ನ ರಂಗೋಲಿ ಇತ್ತು. ಒಳಗೆ ಫ್ರಿಜ್ ಮೇಲೆ ನನ್ನ ಹಾಳೆಯೂ ಹಾಗೇ ಇತ್ತು. ಎಕ್ಸ್‌ರೇ, ಶುಗರ್, ಬಿ.ಪಿ. ಎಲ್ಲ ಸರಿ. ಟೆಸ್ಟ್ ಮಾಡಿಸಿದೆ, ಎರಡೇ ಸಲ ಎದ್ದರು.

"ಅತ್ತೆಗ್ಯಾಕೆ ತೊಂದ್ರೆ ಅಂತ ನಾನೇ ಸ್ಟಿಕ್ಕರ್ ತಂದು ಅಂಟಿಸ್ದೆ ಮೇಡಂ," ಎಂದರು ಗೀತಾ.

ಆಕೆ ಕೆಟ್ಟವರಲ್ಲ, ಅದೇ ಕಷ್ಟ. ಕೂತಲ್ಲಿಗೇ ಕಾಫಿ, ತಟ್ಟೆ, ಮಾತ್ರೆ. ಒಂದು ಕಡ್ಡಿಯನ್ನೂ ಇತ್ತಿಂದತ್ತ ಎತ್ತಿಡಲು ಬಿಟ್ಟಿರಲಿಲ್ಲ. ಹಿಂದೆಲ್ಲ ಸರೋಜಮ್ಮ ದಿನಾ ಆರು ಗಂಟೆಗೆ ಗೇಟಿನ ಮುಂದೆ ಚುಕ್ಕಿ ಇಡುವಾಗ, ವಾಕಿಂಗ್ ಹೊರಟ ನಾಲ್ಕು ಹೆಂಗಸರು ನಿಂತು ಎಷ್ಟು ಚುಕ್ಕಿ, ಯಾವ ಎಳೆ ಎಂದು ವಿಚಾರಿಸುತ್ತಿದ್ದರಂತೆ. ಬೀದಿಯ ಸುದ್ದಿಯೆಲ್ಲ ಅಲ್ಲೇ. ಅಂಟಿಸಿದ ರಂಗೋಲಿಯ ಮುಂದೆ ಯಾರು ನಿಲ್ಲುತ್ತಾರೆ? ಅವರ ವ್ಯಾಯಾಮ, ಸ್ನೇಹ ಎರಡೂ ಆ ಅರ್ಧ ಗಂಟೆಯಲ್ಲಿದ್ದವು. ಓದಿಕೊಂಡ ನನಗೆ ಅದು ಹೊಳೆಯಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು.

ಹಾಳೆ ಕಿತ್ತೆ. ಸ್ಟಿಕ್ಕರ್ ತೆಗೆದು, ಗೇಟಿನ ಬಳಿ ಸ್ಟೂಲ್ ಹಾಕಿ ಕೂರಿಸಿ ಎಂದು ಬೇಡಿಕೊಂಡೆ. ನಾಗರಾಜ್ ಮೆತ್ತಗೇ ಕೇಳಿದರು:

"ಮತ್ತೆ ಬಿದ್ರೆ ಯಾರು ಮೇಡಂ ಜವಾಬ್ದಾರಿ?"

ಬೀಳುವುದಿಲ್ಲ ಎಂದು ನಾನು ಹೇಗೆ ಬರೆದುಕೊಡಲಿ? ಸ್ಟಿಕ್ಕರ್ ಅಲ್ಲೇ ಉಳಿಯಿತು.

ಎರಡು ತಿಂಗಳು ಹೋಗಿ ವ್ಯಾಯಾಮ ಮಾಡಿಸಿದೆ. ಟೆಸ್ಟ್‌ನಲ್ಲಿ ಎರಡು ಮೂರಾಯಿತು, ಮತ್ತೆ ಎರಡಾಯಿತು. ಒಂದು ದಿನ ಸರೋಜಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು.

"ಸಾಕು ಬಿಡಮ್ಮ. ಎದ್ದು ಏನ್ ಮಾಡ್ಲಿ ಹೇಳು?"

ಕಾಲಿಗೆ ಬಲ ಬರಿಸುವ ಇಪ್ಪತ್ತು ಬಗೆ ನನಗೆ ಗೊತ್ತು. ಅವರು ಕೇಳಿದ್ದು ಅದನ್ನಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು.

ಈಗ ನಾನು 'ಬೇಡ' ಎಂದು ಬರೆದರೆ, ಯಾವತ್ತಿನವರೆಗೆ ಎಂದೂ ಬರೆಯುತ್ತೇನೆ. ಅದರ ಕೆಳಗೆ, ಆಮೇಲೆ ಇವರು ಮನೆಯ ಯಾವ ಕೆಲಸಕ್ಕೆ ಮರಳಬೇಕು ಎಂದು ಅವರನ್ನೇ ಕೇಳಿ ಬರೆಯುತ್ತೇನೆ. ಸರೋಜಮ್ಮ ಅದನ್ನು ಮೊದಲ ದಿನವೇ, ನಾನು ಕೇಳುವ ಮುಂಚೆಯೇ ಹೇಳಿದ್ದರು.