ದೊಡ್ಡಮ್ಮನ ಕಬ್ಬಿಣದ ಸವತಿ

ನಮ್ಮ ದೊಡ್ಡಪ್ಪ ವರದರಾಜ ಅವರಿಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಊಟಕ್ಕೆ ಕೂತರೆ ಸಾರನ್ನ ಮುಗಿಯುವಷ್ಟರಲ್ಲಿ ಎರಡು ಸಲ ಎದ್ದು, ಗ್ಯಾಸ್ ಆರಿಸಿದೆಯೋ ಇಲ್ಲವೋ ನೋಡಿ ಬರುವರು. ಒಂಬತ್ತೂಕಾಲಿನ ಬಸ್ಸಿಗೆ ಎಂಟೂವರೆಗೇ ಹೋಗಿ ನಿಂತು, ಅದು ಬರುವುದರೊಳಗೆ ತಾಳ್ಮೆ ಕೆಟ್ಟು ನಡೆದೇ ಕಚೇರಿ ಸೇರುವರು. ಕೂತರೆ ಕಾಲು ಅಲ್ಲಾಡುತ್ತಿತ್ತು, ಮಲಗಿದರೆ ಬೆರಳು. "ಇಷ್ಟು ವರ್ಷದಿಂದ ಓಡೋ ಬಸ್ಸಲ್ಲಿ ಸಂಸಾರ ಮಾಡ್ದಂಗಿದೆ ಕಣೇ" ಎನ್ನುತ್ತಿದ್ದರು ದೊಡ್ಡಮ್ಮ ಜಾನಕಮ್ಮ. ಮಕ್ಕಳಿಲ್ಲದ ಮನೆ. ನಾನು ದೊಡ್ಡಮ್ಮನ ತಂಗಿಯ ಮಗಳು. ಕಾಲೇಜು ಓದಿದ ಐದು ವರ್ಷವೂ ಶಂಕರಪುರಂನ ಆ ಮನೆಯಲ್ಲೇ ಇದ್ದವಳು. ಆದ್ದರಿಂದ ಅವರಿವರು ಹೇಳಿದ್ದನ್ನು ಹೇಳುತ್ತಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಪುಟ್ಟದೊಂದು ಆಂಜನೇಯನ ಗುಡಿ. ಅಲ್ಲಿ ಸಂಜೆಯ ಮಂಗಳಾರತಿಗೆ ಜಾಗಟೆ ಬಾರಿಸುವುದು ಹದಿನೆಂಟು ವರ್ಷ ದೊಡ್ಡಪ್ಪನ ಸೇವೆಯಾಗಿತ್ತು. ತೊಂಬತ್ತಾರರಲ್ಲಿ ನಗರ್ತಪೇಟೆಯ ವ್ಯಾಪಾರಿ ಶೀನಣ್ಣ ಎನ್ನುವವರು ಗುಡಿಗೆ ಮಂಗಳಾರತಿ ಮಿಷನ್ನು ಕೊಡಿಸಿದರು. ಕಬ್ಬಿಣದ ಚೌಕಟ್ಟು, ಎರಡು ನಗಾರಿ, ಒಂದು ಜಾಗಟೆ, ಮೇಲೆ ಸಾಲಾಗಿ ಗಂಟೆಗಳು, ಕೆಳಗೊಂದು ಮೋಟರು. ಸ್ವಿಚ್ ಹಾಕಿದರೆ ಕಬ್ಬಿಣದ ಕೈಗಳು ಕೋಲು ಹಿಡಿದು ತಾವೇ ಬಡಿಯುತ್ತಿದ್ದವು. ಮುಂದುಗಡೆ ಶೀನಣ್ಣನವರ ಹೆಸರು ಎಷ್ಟು ದಪ್ಪಗೆ ಬರೆದಿತ್ತೆಂದರೆ, ದೇವರು ಯಾರೆಂದು ಹೊಸಬರಿಗೆ ಅನುಮಾನ ಬರಬೇಕು.

ಪಾಪ, ವರದರಾಜಯ್ಯನ ಸೇವೆ ಹೋಯಿತು ಎಂದು ಬೀದಿಯೆಲ್ಲ ಮರುಗಿತು. ಅರ್ಚಕರು ಸಮಾಧಾನಕ್ಕೆ, "ನೀವು ತೀರ್ಥ ಕೊಡಿ ಇನ್ಮೇಲೆ" ಎಂದರು. ನಾನೂ ನಾಲ್ಕು ಒಳ್ಳೆಯ ಮಾತು ಕೂಡಿಸಿಕೊಂಡು ಹೋಗಿದ್ದೆ. ನೋಡಿದರೆ ದೊಡ್ಡಪ್ಪ ಮಿಷನ್ನಿನ ಎದುರು ಬಾಯಿ ತೆರೆದು ನಿಂತಿದ್ದಾರೆ. ಕಾಲು ಅಲ್ಲಾಡುತ್ತಿಲ್ಲ! ಮಂಗಳಾರತಿ ಮುಗಿಯುವ ಮೂರು ನಿಮಿಷವೂ ಆ ಮನುಷ್ಯನ ಮೈಯಲ್ಲಿ ಒಂದು ಕೂದಲೂ ಮಿಸುಕಲಿಲ್ಲ.

"ಹದಿನೆಂಟು ವರ್ಷ ಬಾರಿಸಿದೀನಿ ಮಧುರಾ" ಎಂದರು, ಮನೆಗೆ ಬರುವ ದಾರಿಯಲ್ಲಿ. "ಒಂದು ಏಟಿನ ಹಂಗೆ ಇನ್ನೊಂದು ಏಟು ಬೀಳ್ಲಿಲ್ಲ. ಅದನ್ನ ನೋಡು, ಮುಂದಿನ ಏಟು ಎಲ್ಲಿ ಬೀಳುತ್ತೆ ಅಂತ ಯೋಚನೇನೇ ಮಾಡ್ಬೇಕಾಗಿಲ್ಲ. ತಲೆ ಒಳಗಿನ ಗಲಾಟೆ ನಿಂತ್ಹೋಯ್ತು ಕಣೇ."

ಅಲ್ಲಿಂದ ಹುಚ್ಚು ಹತ್ತಿತು. ಸಂಜೆ ಆರಾದರೆ ಮನೆಯಲ್ಲಿ ಕಾಲು ನಿಲ್ಲದು. ಹೊಲಿಗೆ ಮಿಷನ್ನಿನ ಎಣ್ಣೆ, ಹಳೆ ಪಂಚೆಯ ತುಂಡು, ಒಂದು ಸ್ಪ್ಯಾನರ್ ಹಿಡಿದು ಓಡುವರು. ಮಂಗಳಾರತಿಯ ಹೊತ್ತಿಗೆ ಎಲ್ಲರೂ ಗರ್ಭಗುಡಿಯತ್ತ ಕೈಮುಗಿದರೆ ಇವರು ದೇವರಿಗೆ ಬೆನ್ನು ಹಾಕಿ ಮಿಷನ್ನಿಗೆ ಮುಗಿಯುವರು. ಆಯುಧಪೂಜೆಯ ದಿನ ಸ್ಕೂಟರಿಗೆ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಅಡ್ಡಬೀಳುವ ಜನವೇ ಇದಕ್ಕೆ ಬಿದ್ದುಬಿದ್ದು ನಕ್ಕಿತು. ವರ್ಷಕ್ಕೊಂದು ದಿನ ಮಾಡಿದರೆ ಸಂಪ್ರದಾಯ, ದಿನಾ ಮಾಡಿದರೆ ತಲೆ ಕೆಟ್ಟಿದೆ. ನನಗೆ ಈ ನ್ಯಾಯ ಇವತ್ತಿಗೂ ಅರ್ಥವಾಗಿಲ್ಲ.

ದೊಡ್ಡಮ್ಮನೂ ಮೊದಮೊದಲು ನಕ್ಕರು. ಆದರೆ ಎದುರು ಮನೆ ತುಳಸಮ್ಮ ದಿನಾ ರಂಗೋಲಿ ಹಾಕುವಾಗ, "ಏನ್ ಜಾನಕಮ್ಮ, ನಿಮ್ ಸವತಿ ಚೆನ್ನಾಗಿದಾಳಾ?" ಎನ್ನತೊಡಗಿದ ಮೇಲೆ ನಗು ಬತ್ತಿತು. ಒಂದು ರಾತ್ರಿ ಊಟದ ನಡುವೆ ದೊಡ್ಡಪ್ಪ, "ಇವತ್ತು ಬೆಳಗ್ಗೆ ಪೂಜೇಲಿ ಎಡಗಡೆ ನಟ್ಟು ಕಿರ್ ಅಂತು, ಮನೆಗೇ ಕೇಳ್ಸ್ತು" ಎಂದರು. ದೊಡ್ಡಮ್ಮ ಹುಳಿಯ ಸೌಟನ್ನು ಪಾತ್ರೆಗೆ ಕುಕ್ಕಿದರು.

"ನನ್ ಮಂಡಿ ಆರು ತಿಂಗಳಿಂದ ಕಿರ್ ಅಂತಿದೆ. ಪಕ್ಕದಲ್ಲೇ ಮಲಗ್ತೀರಿ. ಕೇಳ್ಸಿದ್ಯಾ?"

ಮಾರನೆಯ ದಿನ ದೊಡ್ಡಪ್ಪ ಮಂಡಿಗೆ ಹಚ್ಚಲು ತೈಲ ತಂದರು, ನಿಜ. ಆದರೆ ಅದನ್ನು ಮೇಜಿನ ಮೇಲಿಟ್ಟು ಗುಡಿಗೆ ಓಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ತೊಂಬತ್ತೊಂಬತ್ತರ ಶ್ರಾವಣದಲ್ಲಿ ಅವರ ಮದುವೆಗೆ ಮೂವತ್ತು ವರ್ಷ ತುಂಬಿತು. ಗುಡಿಯಲ್ಲಿ ಇಬ್ಬರ ಹೆಸರಿನಲ್ಲೂ ಅರ್ಚನೆ ಎಂದು ದೊಡ್ಡಮ್ಮನೇ ಹೇಳಿ ಬಂದರು. ಹಿಂದಿನ ದಿನ ನನ್ನೆದುರೇ ಗಂಡನನ್ನು ಕೇಳಿದರು: "ನಾಳೆ ಒಂದು ದಿನ ದೇವರ ಕಡೆ ತಿರುಗಿ ನಿಂತ್ಕೊಳ್ಳಿ. ಏನೇ ಆಗ್ಲಿ, ಆ ಕಡೆ ನೋಡ್ಬೇಡಿ. ನನಗೋಸ್ಕರ ಒಂದು ದಿನ ಆಗಲ್ವಾ ನಿಮ್ ಕೈಲಿ?" ಕೊನೆಯ ಮಾತಿಗೆ ಅವರ ದನಿ ಒಡೆಯಿತು. ದೊಡ್ಡಪ್ಪ ಅವರ ಅಂಗೈ ಮೇಲೆ ಕೈಯಿಟ್ಟು, "ನೋಡಲ್ಲ" ಎಂದರು.

ಆ ಸಂಜೆ ಗುಡಿ ತುಂಬಿತ್ತು. ಹೆಂಗಸರ ಸಾಲು ಮಿಷನ್ನಿನ ಪಕ್ಕದಲ್ಲೇ. ಹಸಿರು ರೇಷ್ಮೆ ಸೀರೆಯುಟ್ಟ ದೊಡ್ಡಮ್ಮ ಎಲ್ಲರಿಗಿಂತ ಮುಂದೆ. ಅರ್ಚಕರು ಸ್ವಿಚ್ ಹಾಕಿ ಒಳಗೆ ಹೋಗಿ ಆರತಿ ಎತ್ತಿದರು. ದೊಡ್ಡಪ್ಪ ದೇವರತ್ತ ಮುಖಮಾಡಿ ಕೈಮುಗಿದು ನಿಂತರು. ಬೀದಿಗೆ ಬೀದಿಯೇ ಅದನ್ನು ನೋಡಿತು, ದೊಡ್ಡಮ್ಮನ ಮುಖ ಅರಳಿತು.

ಒಂದು ನಿಮಿಷ ಕಳೆದಿರಬೇಕು. ದೊಡ್ಡಪ್ಪನ ಭುಜ ಅದುರತೊಡಗಿತು. ಕುತ್ತಿಗೆಯ ಮೇಲೆ ಬೆವರು. ಕಣ್ಣು ಬಿಗಿಯಾಗಿ ಮುಚ್ಚಿ, ತುಟಿ ಕಚ್ಚಿ ನಿಂತಿದ್ದರು. ಅಂತೂ ಈ ವಯಸ್ಸಿನಲ್ಲಿ ಭಕ್ತಿ ಬಂತಲ್ಲ ಎಂದುಕೊಂಡೆ, ಪೆದ್ದಿ.

ಎಡಗಡೆಯ ಕೋಲು ಕಿತ್ತು ಹಾರಿ ದೊಡ್ಡಮ್ಮನ ಹಣೆಗೆ ಬಡಿಯಿತು. ದೊಡ್ಡಮ್ಮ ನಿಂತಲ್ಲೇ ಕುಸಿದರು. ಜನ ಚೀರಿ ದೂರ ಸರಿದರು. ದೊಡ್ಡಪ್ಪ ಒಂದೇ ನೆಗೆತಕ್ಕೆ ಬಂದು, ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶಲ್ಯ ಒತ್ತಿ ಹಿಡಿದರು. ರಕ್ತ ನೋಡಿ ಅವರ ಮುಖ ಬಿಳಿಚಿಹೋಗಿತ್ತು.

"ನಟ್ಟು ಬಿಡ್ತಾ ಇರೋದು ಸದ್ದಲ್ಲೇ ಗೊತ್ತಾಗ್ತಿತ್ತು ಜಾನಕಿ. ತಿರುಗಬೇಡ ಅಂದಿದ್ಯಲ್ಲ" ಎಂದು ಅತ್ತರು.

"ನನ್ ಮಾತು ಕೇಳೋದಕ್ಕೆ ನಿಮಗೆ ಇವತ್ತೇ ಆಗ್ಬೇಕಿತ್ತೇನ್ರೀ?" ಎಂದರು ದೊಡ್ಡಮ್ಮ, ಆ ನೋವಿನಲ್ಲೂ.

ಮಿಷನ್ನು ಇನ್ನೂ ಓಡುತ್ತಲೇ ಇತ್ತು. ಅರ್ಚಕರು ಎತ್ತಿದ ಆರತಿ ಇಳಿಸುವಂತಿಲ್ಲ. ಸ್ವಿಚ್ಚು ಮಿಷನ್ನಿನ ಹಿಂದಿನ ಗೋಡೆಯಲ್ಲಿ, ಹತ್ತಿರ ಹೋಗಲು ಯಾರಿಗೂ ಧೈರ್ಯವಿಲ್ಲ. ಕೋಲಿಲ್ಲದ ಕೈ ನಗಾರಿಯ ಅಂಚಿಗೆ ಬಡಿದು ಬಡಿದು ಚೌಕಟ್ಟೇ ಕುಣಿಯುತ್ತಿತ್ತು, ಮೋಟರಿನಿಂದ ಸುಟ್ಟ ವಾಸನೆ. ಒಂದೊಂದು ಏಟಿಗೂ ದೊಡ್ಡಪ್ಪನ ಮೈ ಬೆಚ್ಚುತ್ತಿತ್ತು. ಆದರೂ ತಿರುಗಲಿಲ್ಲ, ಶಲ್ಯದ ಮೇಲಿನ ಕೈ ಸಡಿಲ ಬಿಡಲಿಲ್ಲ. ದೊಡ್ಡಮ್ಮ ಕೆಳಗಿನಿಂದ ಆ ಮುಖವನ್ನೇ ನೋಡುತ್ತಿದ್ದರು.

"ಹೋಗಿ" ಎಂದರು ಕೊನೆಗೆ. "ಪಾಪ, ಅದನ್ನ ನಿಲ್ಸಿ ಬನ್ನಿ."

ಅನ್ನುವುದೇ ತಡ, ದೊಡ್ಡಪ್ಪ ನನ್ನ ಕೈಗೆ ಶಲ್ಯ ತುರುಕಿ ಓಡಿದರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂತು. "ನೋಡಿ ದೊಡ್ಡಮ್ಮ, ಹೋಗೇಬಿಟ್ರು!" ಎಂದೆ.

ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಣೆಯ ರಕ್ತ ಕಿವಿಯವರೆಗೆ ಇಳಿದಿತ್ತು, ಮುಖದಲ್ಲಿ ಮಾತ್ರ ನಾನು ಹಿಂದೆಂದೂ ಕಾಣದ ಹೆಮ್ಮೆ.

"ನಾನು ಹೇಳೋವರ್ಗೂ ಹೋಗ್ಲಿಲ್ಲ ಕಣೇ" ಎಂದರು.