ಓಜೆಲ್ಲಕ್ಕನಿಗೆ ವಿಮೆ ಬಂದದ್ದು

ಓಜೆಲ್ಲಾ ಗ್ಯಾಟ್ಲಿನ್ ಯಾರನ್ನೂ ನಂಬುತ್ತಿರಲಿಲ್ಲ. ಬಾಗಿಲು ಬಡಿದರೆ ಮೊದಲು ಕಿಟಕಿಯ ಪರದೆ ಸರಿಸಿ ಬಂದವರ ಬೂಟು ನೋಡುವಳು. ಅಂಗಡಿಯಲ್ಲಿ ಫೋನ್ ನಂಬರ್ ಕೇಳಿದರೆ ಸತ್ತ ಮೈದುನನ ನಂಬರ್ ಹೇಳುವಳು. ಅಪರಿಚಿತ ಲಕೋಟೆ ಯಾವುದು ಬಂದರೂ ಒಡೆಯದೆ ಹಿತ್ತಲಿನ ಡ್ರಮ್ಮಿಗೆ ಹಾಕಿ ಸುಟ್ಟು, ಬೂದಿಯನ್ನು ಕೋಲಿನಲ್ಲಿ ಕೆದಕಿ, ಒಂದಕ್ಷರವೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಒಳಗೆ ಬರುವಳು. ಪೂರ್ವ ಟೆಕ್ಸಾಸಿನ ಈ ಪೈನ್ ಮರಗಳ ನಡುವೆ ಅವಳ ಪಕ್ಕದ ಮನೆಯಲ್ಲೇ ಬಾಳಿದವಳು ನಾನು, ಕ್ಲಾರಿಸ್. ನನ್ನನ್ನಾದರೂ ಪೂರ್ತಿ ನಂಬಿದ್ದಳು ಅಂತ ಎದೆ ತಟ್ಟಿ ಹೇಳಲಾರೆ.

ಅದಕ್ಕೆ ಕಾರಣವಿತ್ತು. ಅವಳ ಅಮ್ಮನ ಕಾಲದಲ್ಲಿ ಪ್ರತಿ ಶನಿವಾರ ಟೋಪಿಯವನೊಬ್ಬ ಬಂದು, ಶವಸಂಸ್ಕಾರದ ವಿಮೆ ಅಂತ ಚಿಲ್ಲರೆ ವಸೂಲಿ ಮಾಡಿಕೊಂಡು ಹೋಗುತ್ತಿದ್ದ. ಜಗಲಿಯಲ್ಲಿ ಕೂತು ಅಮ್ಮ ಮಾಡಿದ ಗೆಣಸಿನ ಪೈ ತಿನ್ನುತ್ತಾ ಬೈಬಲ್ಲಿನ ಮಾತೂ ಆಡುತ್ತಿದ್ದ. ಅಮ್ಮ ಸತ್ತಾಗ ಅವನೂ ಇಲ್ಲ, ಅವನ ಕಂಪನಿಯೂ ಇಲ್ಲ. ಚರ್ಚಿನವರೇ ಮೀನು ಕರಿದು, ತಟ್ಟೆಗಿಷ್ಟು ಅಂತ ಊಟ ಮಾರಿ, ಬಂದ ದುಡ್ಡಲ್ಲಿ ಶವಪೆಟ್ಟಿಗೆ ತಂದರು. ಆವತ್ತಿನಿಂದ ಅವಳಿಗೆ ಲೋಕದಲ್ಲಿ ನಂಬಿಕೆಯ ಜಾಗ ಅಂತ ಇದ್ದದ್ದು ಚರ್ಚೊಂದೇ.

ಅಲ್ಲಿನ ಊಟದ ಹಾಲ್‌ನ ಗೋಡೆಯಲ್ಲಿ ಅವಳು ಹೊಲಿದ ದೊಡ್ಡ ಕೌದಿ ತೂಗುತ್ತಿತ್ತು. ಸಭೆಯ ಒಬ್ಬೊಬ್ಬರಿಗೂ ಒಂದೊಂದು ತೇಪೆ, ತೇಪೆಯ ಮೇಲೆ ಕಸೂತಿಯಲ್ಲಿ ಪೂರ್ತಿ ಹೆಸರು, ಹುಟ್ಟಿದ ತಾರೀಖು. ಅದನ್ನು ನೋಡಿಯೇ ತಿಂಗಳು ತಿಂಗಳೂ ಹುಟ್ಟುಹಬ್ಬದ ಕೇಕ್ ಮಾಡುತ್ತಿದ್ದೆವು. ಹೊಸದಾಗಿ ಸೇರಿದವರಿಗೆ ದೀಕ್ಷಾಸ್ನಾನದ ನೀರು ಆರುವ ಮೊದಲೇ ಇವಳು ತೇಪೆ ಹೊಲಿದಿರುತ್ತಿದ್ದಳು. ಊರಿನ ಮದುವೆ ಬಟ್ಟೆಗಳೂ ಅವಳ ಕೈಯಲ್ಲೇ ಆಗುತ್ತಿದ್ದವು.

ಅವಳು ದುಡಿಯುತ್ತಿದ್ದ ಕೋಳಿಮಾಂಸದ ಕಾರ್ಖಾನೆ ನಡೆಯುವ ತನಕ ಅವಳಿಗೆ ಆರೋಗ್ಯ ವಿಮೆ ಇತ್ತು. ಕಾರ್ಖಾನೆ ಮುಚ್ಚಿತು, ವಿಮೆಯೂ ಹೋಯಿತು. ನಮ್ಮ ರಾಜ್ಯದಲ್ಲಿ ಬಡವರ ವಿಮೆ ಸಿಗುವುದು ಹೆಚ್ಚಾಗಿ ಮಕ್ಕಳಿಗೆ, ಬಸುರಿಯರಿಗೆ. ಮುದುಕರ ವಿಮೆಗೆ ಅರವತ್ತೈದು ತುಂಬಬೇಕು. ಹೊಲಿಗೆಯಲ್ಲಿ ಬದುಕುವ ಅರವತ್ತೆರಡರ ವಿಧವೆ ಎರಡಕ್ಕೂ ಸಲ್ಲದವಳು. ಅಂಥ ಹೊತ್ತಿನಲ್ಲೇ ಎರಡೂ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗತೊಡಗಿದಳು. ಹೊಲಿಗೆ ನಿಂತರೆ ಅವಳ ಒಲೆಯೂ ನಿಲ್ಲುತ್ತದೆ ಅಂತ ನನಗೆ ಗೊತ್ತಿತ್ತು.

ಪಕ್ಕದ ಊರಿನ ಧರ್ಮಾಸ್ಪತ್ರೆಗೆ ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ಹೂಸ್ಟನ್ನಿನಿಂದ ಕಣ್ಣಿನ ಡಾಕ್ಟರ್ ಬಂದು, ವಿಮೆಯಿಲ್ಲದವರಿಗೆ ಬಿಟ್ಟಿಯಾಗಿ ಪೊರೆ ತೆಗೆಯುತ್ತಿದ್ದರು. ಹೋಗೋಣ ಅಂದರೆ ಇವಳ ತಕರಾರು ಬೇರೆ.

"ಬಿಟ್ಟಿ ಯಾಕೆ ಮಾಡ್ತಾರಂತೆ? ಹೊಸಬರು ಕೈ ಪಳಗಿಸ್ಕೊಳ್ಳೋಕೆ ನನ್ ಕಣ್ಣೇ ಸಿಕ್ತಾ?"

"ಹಂಗಾದ್ರೆ ತಡವರಿಸ್ಕೊಂಡೇ ಸಾಯಿ," ಅಂದೆ. ಆ ಮಾತು ನಾಟಿತೇನೋ, ಹೆಸರು ಬರೆಸಿದಳು.

ಫೆಬ್ರವರಿಯ ಒಂದು ಭಾನುವಾರ ನಮ್ಮ ಪಾದ್ರಿ ಪತ್ರಿಕೆಯ ಸುದ್ದಿಯೊಂದನ್ನು ಓದಿ ಹೇಳಿದರು. ನಮ್ಮ ಜಿಲ್ಲೆಯಲ್ಲಿ ವಿಮೆಯಿಲ್ಲದವರ ಸಂಖ್ಯೆ ಒಂದೇ ವರ್ಷದಲ್ಲಿ ಬಹಳ ಇಳಿದಿದೆಯಂತೆ. ಎಲ್ಲರೂ ದೇವರಿಗೆ ಸ್ತೋತ್ರ ಅಂದರು. ಓಜೆಲ್ಲಕ್ಕ ನನ್ನ ಕಿವಿಗೆ ಬಾಯಿಟ್ಟಳು.

"ಯಾರನ್ನ ಕೇಳಿ ಎಣಿಸಿದ್ರಂತೆ? ನನ್ನನ್ನಂತೂ ಯಾರೂ ಕೇಳ್ಲಿಲ್ಲ. ಇದ್ರಲ್ಲಿ ಆ ಲೈಬ್ರರಿ ಹುಡುಗಿ ಕೈವಾಡ ಇದೆ ನೋಡ್ತಿರು."

ಲೈಬ್ರರಿ ಹುಡುಗಿ ಅಂದರೆ ಯೆಸೆನ್ಯಾ. ಬುಧವಾರ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ವಿಮೆ ಮಾಡಿಸಿಕೊಳ್ಳಲು ಬಂದವರಿಗೆ ನೆರವಾಗುವ ಕೆಲಸ ಅವಳದು. ಬರಿ ಸಂಬಳಕ್ಕೆ ಅಷ್ಟು ನಗುವವರಿಲ್ಲ ಅನ್ನುವುದು ಓಜೆಲ್ಲಕ್ಕನ ವಾದ. ಅದೇ ನಮ್ಮ ಚರ್ಚಿನ ಹಿರಿಯ ಪಿಕೆನ್ಸ್ ಅವರ ಅಣ್ಣನ ಮಗ ಮಾರ್ಕೆಲ್, ವಿಮೆ ಏಜೆಂಟ್, ಎಷ್ಟು ನಕ್ಕರೂ ತೊಂದರೆಯಿಲ್ಲ. ಅವನು ಚರ್ಚಿನಲ್ಲಿ ಹಾಡುವವನು, ಇವಳನ್ನು ದೊಡ್ಡಮ್ಮ ಅನ್ನುವವನು. ಇವಳ ಪೈ ಎರಡು ತುಂಡು ತಿನ್ನುವವನು.

ಆಪರೇಷನ್ನಿನ ದಿನ ನಾನೇ ಕಾರಿನಲ್ಲಿ ಕರೆದೊಯ್ದೆ. ಉಪವಾಸವಿದ್ದಳು, ಭಾನುವಾರದ ಟೋಪಿ ಹಾಕಿದ್ದಳು. ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದಳು.

"ಅಮ್ಮ, ನಿಮಗೆ ವಿಮೆ ಇದೆಯಲ್ಲ?"

"ಯಾರಿಗೆ? ನನಗಾ? ನಿನ್ ತಲೆ ಸರಿ ಇದೆಯಾ ತಾಯಿ?"

"ಜನವರಿಯಿಂದ ಇದೆ ಅಂತ ತೋರಿಸ್ತಿದೆ. ನಾವಿಲ್ಲಿ ವಿಮೆ ಇಲ್ಲದೋರಿಗೆ ಮಾತ್ರ ಮಾಡೋದು. ನಿಮ್ಮ ವಿಮೆಗೆ ಡಲ್ಲಾಸ್‌ನಲ್ಲಿ ಡಾಕ್ಟರ್ ಇದಾರೆ. ಮೊದಲಿನ ಕೆಲವು ಸಾವಿರ ಡಾಲರ್ ನೀವೇ ಹಾಕ್ಬೇಕಾಗತ್ತೆ."

ಎಷ್ಟು ಬೇಡಿಕೊಂಡರೂ ಆಗಲಿಲ್ಲ. ಅವಳ ಸರದಿ ಹಿಂದೆ ಕೂತಿದ್ದವನಿಗೆ ಹೋಯಿತು. ಕಾರಿನಲ್ಲಿ ಅವಳು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಜನವರಿಯಲ್ಲಿ ಕಂಪನಿಯವರು ಕಾರ್ಡು, ಕಾಗದ ಏನಾದರೂ ಕಳಿಸಿಯೇ ಇರುತ್ತಾರೆ. ಅದು ಡ್ರಮ್ಮಿನಲ್ಲಿ ಬೂದಿಯಾಗಿತ್ತು.

ಆವತ್ತು ಬುಧವಾರ. ಅವಳು ಬೇಡ ಬೇಡ ಅಂದರೂ ಸೀದಾ ಲೈಬ್ರರಿಗೆ ಗಾಡಿ ತಿರುಗಿಸಿದೆ. ಯೆಸೆನ್ಯಾ ಸಹಾಯವಾಣಿಗೆ ಫೋನ್ ಹಚ್ಚಿ ನಮಗೂ ಕೇಳುವಂತೆ ಇಟ್ಟಳು. ಅದರ ಸಂಗೀತ ಕೇಳಿ ಕೇಳಿ ನನಗೆ ನಿದ್ದೆ ಬಂತು, ಯೆಸೆನ್ಯಾ ಮಾತ್ರ ಊಟ ಬಿಟ್ಟು ಕೂತಿದ್ದಳು. ಕೊನೆಗೆ ಒಬ್ಬ ಮಾತಾಡಿದ. ಹೆಸರು, ವಿಳಾಸ, ಹುಟ್ಟಿದ ತಾರೀಖು ಕೊಟ್ಟು, ಬಾರದ ಸಂಪಾದನೆಯನ್ನು ಬರುತ್ತದೆ ಅಂತ ತೋರಿಸಿ, ಸರ್ಕಾರವೇ ಕಂತು ಕಟ್ಟುವ ವಿಮೆ ಮಾಡಿಸಲಾಗಿತ್ತು; ಅಷ್ಟು ಸಂಪಾದನೆ ತೋರಿಸದಿದ್ದರೆ ಅದು ಸಿಗುವುದಿಲ್ಲವಂತೆ. ಮಾಡಿಸಿದ ಏಜೆಂಟ್, ಮಾರ್ಕೆಲ್ ಪಿಕೆನ್ಸ್.

"ತಲೆಗಿಷ್ಟು ಅಂತ ಏಜೆಂಟ್‌ಗೆ ಕಮಿಷನ್ ಸಿಗತ್ತೆ ಅಜ್ಜಿ," ಅಂದಳು ಯೆಸೆನ್ಯಾ. "ರದ್ದು ಮಾಡಿಸೋಣ, ದೂರೂ ಕೊಡೋಣ. ಆದ್ರೆ ವಾರಗಟ್ಲೆ ಹಿಡಿಯತ್ತೆ. ಡಾಕ್ಟರು ನಾಡಿದ್ದು ಹೊರಟುಬಿಡ್ತಾರೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೆ ಓಜೆಲ್ಲಕ್ಕ ಬೇಲಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಅವನು ಹುಡುಗ. ಅವನಿಗೆ ನಾನು ಹುಟ್ಟಿದ ವರ್ಷ ಹೇಳ್ಕೊಟ್ಟೋರು ಯಾರು? ನಿಂಗಲ್ದೆ ಇನ್ಯಾರಿಗೆ ಗೊತ್ತೇ?"

"ನಾನ್ಯಾಕೆ ಹೇಳ್ಲಿ? ನಿನ್ ಬಾಯಿಗೆ ಬೆಂಕಿ ಬೀಳ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗಾಯ್ತು. ನಿಂಗೆಷ್ಟು ಕೊಟ್ಟ?"

ಮೂವತ್ತು ವರ್ಷ ಪಕ್ಕದಲ್ಲೇ ಬಾಳಿ, ಅವಳ ಸೂಜಿಗೆ ದಾರ, ಅವಳ ಗಂಡನ ಹೆಣಕ್ಕೆ ಹೆಗಲು, ಎಲ್ಲ ಕೊಟ್ಟವಳಿಗೆ ಈ ಮಾತು! ಅಲ್ಲೇ ಬಿಟ್ಟುಬರುವಷ್ಟು ಸಿಟ್ಟು ಬಂತು. ಬಿಡಲಿಲ್ಲ. ಹೋದ ಶರತ್ಕಾಲದ ಚರ್ಚಿನ ಹಬ್ಬದೂಟದಲ್ಲಿ ಮಾರ್ಕೆಲ್ ಕಂಡಿದ್ದು ನೆನಪಿಗೆ ಬಂದಿತ್ತು. ಎಲ್ಲರೂ ಹಣ್ಣಿನ ಸಿಹಿತಿಂಡಿಗೆ ಸಾಲು ನಿಂತಿದ್ದಾಗ ಅವನೊಬ್ಬ ಗೋಡೆಯ ಹತ್ತಿರ ನಿಂತು, ಕೌದಿಯ ತೇಪೆಗಳನ್ನು ಸಾಲು ಸಾಲಾಗಿ ಫೋಟೋ ಹೊಡೆಯುತ್ತಿದ್ದ. ಕೌದಿಯ ಅಂದಕ್ಕೆ ಮರುಳಾಗಿದ್ದಾನೆ ಅಂತ ಇವಳು ಹಿಗ್ಗಿ, ತೇಪೆ ಸರಿಯಾಗಿ ಕಾಣಲಿ ಅಂತ ಮಡಿಕೆ ಬೇರೆ ಬಿಡಿಸಿ ಹಿಡಿದಿದ್ದಳು.

ಅವಳನ್ನು ಚರ್ಚಿನ ಊಟದ ಹಾಲ್‌ಗೆ ಕರೆದುಕೊಂಡು ಹೋದೆ. ಕೈ ಹಿಡಿದು ಅವಳದೇ ತೇಪೆಯ ಮೇಲೆ ಅವಳ ಬೆರಳಿಡಿಸಿದೆ.

"ಓದು."

ಕಣ್ಣಿಗೆ ಕಾಣಲಿಲ್ಲ. ಬೆರಳು ದಾರದ ಉಬ್ಬಿನ ಮೇಲೆ ಹರಿಯಿತು. ಓಜೆಲ್ಲಾ ಮೇ ಗ್ಯಾಟ್ಲಿನ್. ತಿಂಗಳು. ದಿನ. ವರ್ಷದ ಮೇಲೆ ಬೆರಳು ನಿಂತುಬಿಟ್ಟಿತು. ಪಕ್ಕದ ತೇಪೆ ಮುಟ್ಟಿದಳು, ಅದರ ಪಕ್ಕದ್ದು ಮುಟ್ಟಿದಳು.

"ಎಲ್ಲರದ್ದೂ ನಾನೇ ಬರ್ದಿಟ್ಟಿದೀನಲ್ಲೇ," ಅಂದಳು. "ಮಡಿಕೆ ಬಿಡಿಸಿ ತೋರಿಸ್ದೋಳೂ ನಾನೇ."

ನನ್ನ ಸಿಟ್ಟು ಇಳಿದುಹೋಯಿತು. ಪಾಪ ಅನ್ನಿಸಿತು.

ಚೀಲದಿಂದ ಹೊಲಿಗೆ ಬಿಚ್ಚುವ ಸಣ್ಣ ಕೊಂಡಿ ತೆಗೆದು ಕುರ್ಚಿ ಎಳೆದುಕೊಂಡಳು. "ನೀನು ಹೆಸರು ಓದ್ತಾ ಹೋಗೇ ಕ್ಲಾರಿಸ್. ವರ್ಷ ಎಲ್ಲಿದೆ ತೋರ್ಸು."

ನಾನು ಓದಿದೆ, ಅವಳು ಬೆರಳಲ್ಲೇ ತಡವಿ ಬಿಚ್ಚಿದಳು. ದಾರದ ಚೂರು ನೆಲದ ತುಂಬ ಉದುರಿತು. ನನ್ನ ತೇಪೆ ಬಂದಾಗ ಒಂದು ಗಳಿಗೆ ತಡೆದು, ನನ್ನ ಮೊಣಕೈ ಹಿಡಿದು ಅಮುಕಿ, ಮತ್ತೆ ಬಿಚ್ಚತೊಡಗಿದಳು. ಎಲ್ಲ ಮುಗಿದು ಅವಳದೊಂದೇ ಉಳಿಯಿತು. ಅವಳ ಕೈಯನ್ನು ಅದರತ್ತ ಒಯ್ದೆ. ಕೈ ಹಿಂದಕ್ಕೆ ಎಳೆದುಕೊಂಡಳು.

"ನಂದು ಬಿಡೇ. ಅದು ಆಗ್ಲೇ ಮಾರಾಟ ಆಗೋಗಿದೆ."