ಆವಿ ಹುಡುಕುವ ಪೊರಕೆ

ಅಕ್ಷರ ಸೊಟ್ಟಗಿವೆ, ಮಾತೂ ಒರಟು, ಓದುವವರು ಮನ್ನಿಸಬೇಕು. ಹಿರಿಯೂರಿನಾಚೆ ಶೇಂಗಾ ಹೊಟ್ಟು ಉರಿಸಿ ಕರೆಂಟು ತೆಗೆಯುವ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಳ್ಳುವ ಕಾಟಲಿಂಗಪ್ಪ ಪೊರಕೆಯನ್ನು ಮುಂದೆ ಚಾಚಿಕೊಂಡೇ ನಡೆಯುತ್ತಾನೆ. ಸೋರುವ ಬಿಸಿ ಆವಿ ಕಣ್ಣಿಗೆ ಕಾಣದು, ಆದರೆ ಅಡ್ಡ ಬಂದ ಪೊರಕೆಯ ಕಡ್ಡಿಯನ್ನೂ ಕತ್ತರಿಸುತ್ತದೆ. “ಏನಪ್ಪ, ಗಾಳಿ ಗುಡಿಸ್ತೀಯಾ?” ಎಂದು ಜೊತೆ ಕೆಲಸದ ಮಂಜಣ್ಣ ಕೆಣಕಿದರೆ, “ಆವಿ ಸೋರಿದ್ರೆ ಹೊಟ್ಟು ದಂಡ ಕಣ್ಲೇ!” ಎನ್ನುತ್ತಾನೆ. ಮದುವೆಮನೆಯಲ್ಲೂ ಅನ್ನದ ಹಂಡೆಯ ಮುಚ್ಚಳ ಒತ್ತಿ ಹಿಡಿಯುವವನು. ಹೊಟ್ಟಿನ ಖರ್ಚು ಇಳಿಯದಿದ್ದರೆ ಈ ತಿಂಗಳೇ ಸ್ಥಾವರಕ್ಕೆ ಬೀಗ ಎಂದು ಮಾಲೀಕರು ಹೇಳಿದ್ದರು. ಮೊನ್ನೆ ಪೊರಕೆಯ ತುದಿ ಪಟ್ಟನೆ ತುಂಡಾಯಿತು. ಬಾಯ್ಲರ್ ಆರಿಸಿ, ಅಲ್ಲಿ ಸೋರುತ್ತಿದ್ದ ಕೊಳವೆ ಬೆಸೆದರು. ಅಷ್ಟೇ ಕರೆಂಟಿಗೆ ಹೊಟ್ಟು ಕಮ್ಮಿ ಬಿತ್ತು, ಬೀಗ ತಪ್ಪಿತು. ಪೊರಕೆ ತುಂಡಾದಾಗ ಅವನು ತನ್ನ ಬೆರಳುಗಳನ್ನು ಎಣಿಸಿಕೊಂಡದ್ದನ್ನು ಬುತ್ತಿ ತಂದಿದ್ದ ಮಗಳು ಚಿತ್ರಾ ನೋಡಿದ್ದಳು: ಇಷ್ಟು ವರ್ಷವೂ ಅಪ್ಪ ಹೆದರಿಕೊಂಡೇ ಎಲ್ಲರಿಗಿಂತ ಮುಂದೆ ನಡೆದಿದ್ದ. ಈಗ ಮನೆಯಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಾನೆ. ಅವಳು ಕದ ಮುಂದೆ ಮಾಡಿ, ಮುದ್ದೆಗೆ ಎಸರಿಡುತ್ತಾಳೆ.